ಕ್ಯಾನ್ವಾಸಿನ ಮೇಲೆ ಬರೆದ ಪಹಣಿ

ಆಸ್ಟ್ರೇಲಿಯಾದ ಮೂಲನಿವಾಸಿಗಳ ಚುಕ್ಕಿಚಿತ್ರಗಳನ್ನು ಅಲಂಕಾರವೆಂದು ಮೆಚ್ಚುವವರು ಬಹಳ ಮಂದಿ. ಅವುಗಳಲ್ಲಿ ಎಷ್ಟೋ ಚಿತ್ರಗಳು ನೆಲದ ಹಕ್ಕಿನ ವಾದಗಳೂ ಹೌದೆಂಬುದು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

1788ರಲ್ಲಿ ಬ್ರಿಟಿಷರು ಬಂದು ನೆಲೆಯೂರಿದಂದಿನಿಂದ ಮೂಲನಿವಾಸಿಗಳ ಭೂಹಕ್ಕನ್ನು ಒಪ್ಪಿದ 1992ರ ಮಾಬೊ ತೀರ್ಪಿನವರೆಗೆ, ಆ ಖಂಡ ಯಾರಿಗೂ ಸೇರಿರಲಿಲ್ಲವೆಂಬ ಕಲ್ಪನೆಯ ಮೇಲೆಯೇ ಅಲ್ಲಿನ ಭೂಕಾನೂನು ನಿಂತಿತ್ತು. ಹಾಡು, ಕುಣಿತ, ಚಿತ್ರಗಳಲ್ಲಿ ನೆಲದ ಲೆಕ್ಕ ಇಟ್ಟುಕೊಂಡು ಬಂದವರು ಆ ಕಾನೂನಿನ ಮುಂದೆ ದಾಖಲೆಯಿಲ್ಲದವರಾದರು. ತಮ್ಮನ್ನು ಕೇಳದೆ ಬಾಕ್ಸೈಟ್ ಗಣಿಗೆ ನೆಲ ಬಿಟ್ಟುಕೊಟ್ಟಾಗ, 1963ರಲ್ಲಿ ಉತ್ತರ ಆಸ್ಟ್ರೇಲಿಯಾದ ಯಿರ್ಕಲಾದ ಯೋಲ್ಙು ಜನರು ಮನವಿಯನ್ನು ಮರದ ತೊಗಟೆಗೆ ಅಂಟಿಸಿ, ಸುತ್ತಲೂ ತಮ್ಮ ಕುಲದ ವಿನ್ಯಾಸಗಳನ್ನು ಬರೆದು ಸಂಸತ್ತಿಗೆ ಕಳುಹಿಸಿದರು. ಗಣಿ ನಿಲ್ಲಲಿಲ್ಲ, 1971ರಲ್ಲಿ ನ್ಯಾಯಾಲಯವೂ ಅವರ ದಾವೆಯನ್ನು ಒಪ್ಪಲಿಲ್ಲ. ಅದೇ ವರ್ಷ ಮರುಭೂಮಿಯ ಪಾಪುನ್ಯದಲ್ಲಿ ಜೇನಿರುವೆಯ ಪುರಾಣ ಚಿತ್ರವಾಗಿ ಶಾಲೆಯ ಗೋಡೆಯೇರಿತು. ಮರಳಿನ ಮೇಲೆ, ಮೈಮೇಲೆ ಮೂಡುತ್ತಿದ್ದುದು ಹಲಗೆಗೂ ಕ್ಯಾನ್ವಾಸಿಗೂ ಇಳಿಯಿತು. ಹೊರಗಿನವರು ನೋಡಬಾರದ ಪವಿತ್ರ ಸಂಗತಿಗಳನ್ನು ಚುಕ್ಕಿಗಳಿಂದ ಮರೆಮಾಡುವ ರೂಢಿಯೂ ಬೆಳೆಯಿತು.

1988ರಲ್ಲಿ ದೇಶ ತನ್ನ ಇನ್ನೂರನೆಯ ವರ್ಷವನ್ನು ಸಂಭ್ರಮಿಸುವಾಗ, ರಾಮಿಂಗಿನಿಂಗ್ ಸುತ್ತಲಿನ ಕಲಾವಿದರು ಅಸ್ಥಿ ಇಡುವ ಟೊಳ್ಳುಮರದ 200 ದಿಮ್ಮಿಗಳಿಗೆ, ವರ್ಷಕ್ಕೊಂದರಂತೆ, ಬಣ್ಣ ಬರೆದು ನಿಲ್ಲಿಸಿದರು. ಅವು ಈಗ ಕ್ಯಾನ್‌ಬೆರಾದ ರಾಷ್ಟ್ರೀಯ ಗ್ಯಾಲರಿಯಲ್ಲಿವೆ.

ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು 1997ರ ಙುರ್ರಾರ ಕ್ಯಾನ್ವಾಸು. ಗ್ರೇಟ್ ಸ್ಯಾಂಡಿ ಮರುಭೂಮಿಯ ಮೂಲದ ನಲವತ್ತಕ್ಕೂ ಹೆಚ್ಚು ಮಂದಿ, ಸುಮಾರು 8 ಮೀಟರ್ ಅಗಲ, 10 ಮೀಟರ್ ಉದ್ದದ ಒಂದೇ ಬಟ್ಟೆಯ ಮೇಲೆ ಕುಳಿತು, ತಂತಮ್ಮ ನೀರಿನ ಸೆಲೆಗಳನ್ನೂ ಅವುಗಳ ಸುತ್ತಲಿನ ನೆಲವನ್ನೂ ಬರೆದರು. ಭೂಹಕ್ಕು ನ್ಯಾಯಮಂಡಳಿಯವರು ಬಂದಾಗ ಅದನ್ನು ನೆಲದ ಮೇಲೆ ಹಾಸಿ, ಒಬ್ಬೊಬ್ಬರೂ ತಾವು ಬರೆದ ಭಾಗದ ಮೇಲೆ ನಿಂತು ತಮ್ಮ ಭಾಷೆಯಲ್ಲೇ ಮಾತಾಡಿದರು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಅವರ ಪಹಣಿ. ಅದನ್ನು ಓದಲು ಬಾರದಿದ್ದುದು ಕಚೇರಿಯ ಕೊರತೆಯೇ ಹೊರತು ಬರೆದವರದಲ್ಲ. ಹಕ್ಕಿಗೆ ಮಾನ್ಯತೆ ಸಿಕ್ಕಿದ್ದು 2007ರಲ್ಲಿ, ಚಿತ್ರ ಬರೆದ ಹತ್ತು ವರ್ಷಗಳ ಮೇಲೆ.

2024ರಲ್ಲಿ ಅಂತರರಾಷ್ಟ್ರೀಯ ಕಲಾಪ್ರದರ್ಶನವಾದ ವೆನಿಸ್ ಬಿನಾಲೆಯಲ್ಲಿ ಮೂಲನಿವಾಸಿ ಕಲಾವಿದ ಆರ್ಚಿ ಮೂರ್ ಆಸ್ಟ್ರೇಲಿಯಾಕ್ಕೆ ಮೊದಲ ಸಲ ಚಿನ್ನದ ಸಿಂಹ ಪ್ರಶಸ್ತಿ ತಂದುಕೊಟ್ಟ ಕೃತಿಯಲ್ಲೂ ವಸ್ತು ದಾಖಲೆಯೇ. ಕಪ್ಪು ಗೋಡೆಗಳ ಮೇಲೆ ಸೀಮೆಸುಣ್ಣದಲ್ಲಿ 65,000 ವರ್ಷಗಳ ವಂಶವೃಕ್ಷವನ್ನು ಬರೆದ ಅವರು, ಕೊಂದು ಅಳಿಸಲಾದವರ, ಕಾಯಿಲೆಗೆ ಬಲಿಯಾದವರ ಜಾಗಗಳನ್ನು ಖಾಲಿ ಬಿಟ್ಟರು. ಕೋಣೆಯ ನಡುವೆ, ನೀರಿನಿಂದ ಸುತ್ತುವರಿದ ಮೇಜಿನ ಮೇಲೆ, ಬಂಧನದಲ್ಲಿ ಸತ್ತ ಮೂಲನಿವಾಸಿಗಳ ಮರಣ ವಿಚಾರಣೆಯ ವರದಿಗಳಿದ್ದವು, ಸತ್ತವರ ಹೆಸರುಗಳಿಗೆ ಮಸಿ ಬಳಿದು.