ಲೇಸರ್ ಡಯೋಡಿನ ಲೆನ್ಸ್ ಬಿಚ್ಚಬಹುದೇ?

ಪ್ರಶ್ನೆ: ಮುಂಬೈಯ ಲ್ಯಾಮಿಂಗ್ಟನ್ ರೋಡಿನಲ್ಲಿ ಹಳೆಯ ಪ್ರೊಜೆಕ್ಟರಿನಿಂದ ತೆಗೆದ ನೀಲಿ ಲೇಸರ್ ಡಯೋಡ್ (ಕರೆಂಟಿನಿಂದ ಲೇಸರ್ ಬೆಳಕು ಕೊಡುವ ಪುಟ್ಟ ಬಿಡಿಭಾಗ) ಮರದ ಕೆತ್ತನೆಗೆಂದು ಕೊಂಡೆ. ತಾಮ್ರದ ಮಾಡ್ಯೂಲಿನಲ್ಲಿ ಕೂರಿಸಿಯೇ ಕೊಟ್ಟರು. ಮುಂದೆ ತಿರುಗಿಸುವ ಲೆನ್ಸ್ ಇದೆ. ಅದರ ಹಿಂದೆ, ಡಯೋಡಿನ ಮೂತಿಯಲ್ಲೂ ಗಾಜಿನ ಉಬ್ಬು ಕಾಣುತ್ತದೆ. ಮರದ ಮೇಲೆ ಬೀಳುವ ಚುಕ್ಕೆ ಗುಂಡಗಿಲ್ಲ, ಅಕ್ಕಿಕಾಳಿನ ಹಾಗೆ ಉದ್ದ. ಎರಡೂ ಲೆನ್ಸ್ ಕಿತ್ತು ಒಳ್ಳೆಯದೊಂದನ್ನು ಹಾಕಿದರೆ ಸರಿಹೋಗುತ್ತದೆಯೇ? ಹೇಗೆ ಕೀಳಬೇಕು?
ಡೊಂಬಿವಲಿಯ ಓದುಗರೊಬ್ಬರು

ಉತ್ತರ: ಮುಂದಿನ ಲೆನ್ಸನ್ನು ಧಾರಾಳವಾಗಿ ಬಿಚ್ಚಿ. ಡಯೋಡಿನ ಮೂತಿಯಲ್ಲಿರುವುದನ್ನು ಮಾತ್ರ ಕೀಳಬೇಡಿ.

ಆ ಉಬ್ಬುಗಾಜು ಡಯೋಡಿನ ಲೋಹದ ಟೋಪಿಯ ಭಾಗ. ಟೋಪಿಯೊಳಗಿನ ಗಾಳಿಯನ್ನು ಕಾರ್ಖಾನೆಯಲ್ಲೇ ಒಣಗಿಸಿ ಮುಚ್ಚಿರುತ್ತಾರೆ. ನೀಲಿ ಮತ್ತು ನೇರಳೆ ಡಯೋಡುಗಳಿಗೆ ಈ ಮುಚ್ಚಿಗೆ ಜೀವದ ಪ್ರಶ್ನೆ. ಬೆಳಕು ಹೊರಬರುವ ಅಂಚು ಮೈಕ್ರೋಮೀಟರುಗಳ ಲೆಕ್ಕದ್ದು. ಅಷ್ಟು ಸಣ್ಣ ಜಾಗದಿಂದ ವ್ಯಾಟುಗಟ್ಟಲೆ ಬೆಳಕು ನುಗ್ಗುವಾಗ ಸುತ್ತಲಿನ ಗಾಳಿಯಲ್ಲಿ ಸಿಲಿಕೋನ್ ಆವಿಯ ಸುಳಿವಿದ್ದರೂ ಸಾಕು. ಚಿಕ್ಕ ತರಂಗದ ಬೆಳಕು ಅದನ್ನು ಒಡೆದು, ಅಂಚಿನ ಮೇಲೆ ಸಿಲಿಕಾ ಪದರವಾಗಿ ಕೂರಿಸುತ್ತದೆ. ಪದರ ದಪ್ಪವಾದಂತೆ ಬೆಳಕು ಕುಗ್ಗುತ್ತದೆ, ಅಂಚು ಕಾಯುತ್ತದೆ, ಕೊನೆಗೆ ಸುಡುತ್ತದೆ. ಟೋಪಿ ಕತ್ತರಿಸಿದ ಮೇಲೂ ಡಯೋಡ್ ಉರಿಯುವುದನ್ನು ನೋಡಿ ಎಷ್ಟೋ ಜನ ಕೆಲಸ ಗೆದ್ದಿತೆಂದುಕೊಳ್ಳುತ್ತಾರೆ. ಅದರ ಆಯುಸ್ಸು ಮೊಟಕಾಗುವುದು ಆಮೇಲೆ ಗೊತ್ತಾಗುತ್ತದೆ. ಒಳಗಿನ ಕೂದಲೆಳೆಯಂಥ ಚಿನ್ನದ ತಂತಿಗಳಿಗೆ ಚಿಮಟ ತಾಗಿದರಂತೂ ಅಲ್ಲಿಗೇ ಮುಗಿಯಿತು. ಉಬ್ಬುಗಾಜು ನಿಮ್ಮ ಕೆಲಸಕ್ಕೆ ಒಗ್ಗುತ್ತಿಲ್ಲವೆಂದಾದರೆ ಚಪ್ಪಟೆ ಗಾಜಿನ ಟೋಪಿಯ ಡಯೋಡನ್ನೇ ಕೊಳ್ಳಿ.

ಇನ್ನು ಅಕ್ಕಿಕಾಳಿನ ವಿಚಾರ. ಅದು ಲೆನ್ಸಿನ ದೋಷವಲ್ಲ, ಡಯೋಡಿನ ಹುಟ್ಟುಗುಣ. ಹೆಚ್ಚು ಶಕ್ತಿಯ ಡಯೋಡಿನಲ್ಲಿ ಬೆಳಕು ಹೊರಡುವ ಕಿಂಡಿ ಎತ್ತರದಲ್ಲಿ ಸುಮಾರು ಒಂದು ಮೈಕ್ರೋಮೀಟರ್, ಅಗಲದಲ್ಲಿ ಅದರ ಹತ್ತಾರು ಪಟ್ಟು. ಲೆನ್ಸ್ ಮರದ ಮೇಲೆ ಮೂಡಿಸುವುದು ಆ ಕಿಂಡಿಯ ಚಿತ್ರವನ್ನೇ. ಕಿಂಡಿ ಉದ್ದಗಿದ್ದರೆ ಚುಕ್ಕೆಯೂ ಉದ್ದಗೇ. ಕಿಂಡಿಯ ಅಗಲ 40 ಮೈಕ್ರೋಮೀಟರ್, ಲೆನ್ಸಿನ ಸಂಗಮದೂರ 4 ಮಿ.ಮೀ. ಎಂದಿಟ್ಟುಕೊಳ್ಳಿ. ಭಾಗಿಸಿದರೆ 10 ಮಿಲಿರೇಡಿಯನ್ ಬರುತ್ತದೆ. ಅಂದರೆ ಕಿರಣ ಹತ್ತು ಮೀಟರ್ ಹೋಗುವಷ್ಟರಲ್ಲಿ ಆ ದಿಕ್ಕಿನಲ್ಲಿ ಹತ್ತು ಸೆಂಟಿಮೀಟರ್ ಹರಡಿರುತ್ತದೆ. ಒಂಟಿ ಗುಂಡು ಲೆನ್ಸ್ ಎಷ್ಟು ದುಬಾರಿಯದಾದರೂ ಇದನ್ನು ಅಳಿಸಲಾರದು. ಒಂದೇ ದಿಕ್ಕಿನಲ್ಲಿ ಬಾಗಿಸುವ ಸಿಲಿಂಡರ್ ಲೆನ್ಸುಗಳ ಜೋಡಿ ಅಥವಾ ಪ್ರಿಸಮ್ ಜೋಡಿ ಬೇಕು. ಕೆತ್ತನೆಗೆ ಅವೂ ಅಷ್ಟು ಅಗತ್ಯವಿಲ್ಲ. ಚುಕ್ಕೆಯ ಉದ್ದ ಯಾವ ದಿಕ್ಕಿಗಿದೆ ಎಂದು ನೋಡಿ, ಮಾಡ್ಯೂಲನ್ನು ಹಿಡಿಕೆಯಲ್ಲೇ ತಿರುಗಿಸಿ, ಲೇಸರ್ ಓಡುವ ದಿಕ್ಕಿಗೆ ಹೊಂದಿಸಿದರೆ ಗೆರೆ ತೆಳ್ಳಗೆ ಬರುತ್ತದೆ.

ಹಾಗಿದ್ದರೂ ಲೆನ್ಸ್ ಬದಲಿಸಬೇಕಾದ ಸಂದರ್ಭಗಳಿವೆ: ಗೀರು ಬಿದ್ದಿದೆ, ಹೊಗೆ ಸುಟ್ಟು ಅಂಟಿದೆ, ಅಥವಾ ಅಗ್ಗದ ಪ್ಲಾಸ್ಟಿಕ್ ಲೆನ್ಸ್ ಇದೆ. ಮೊದಲು ಒರೆಸಿ ನೋಡಿ. ಶೇ 99ರ ಐಸೊಪ್ರೊಪೈಲ್ ಆಲ್ಕೊಹಾಲ್, ಲೆನ್ಸ್ ಒರೆಸುವ ಕಾಗದ, ರಬ್ಬರ್ ಬ್ಲೋವರ್ ಇದ್ದರೆ ಸಾಕು. ಬಾಯಿಂದ ಊದಬೇಡಿ, ಅಂಗಿಯ ತುದಿಯಿಂದ ಉಜ್ಜಬೇಡಿ. ಪ್ಲಾಸ್ಟಿಕ್ ಲೆನ್ಸಿಗೆ ಅಸಿಟೋನ್ ತಾಗಿದರೆ ಅದು ಮಂಜಾಗಿಬಿಡುತ್ತದೆ. ಲೆನ್ಸ್ ಕೆಟ್ಟಿದೆಯೆಂದು ತಿಳಿದವರ ಮಾಡ್ಯೂಲುಗಳಲ್ಲಿ ಬಹಳಷ್ಟಕ್ಕೆ ಈ ಒರೆಸುವಿಕೆಯೇ ಔಷಧ.

ಬಿಚ್ಚುವ ಮುಂಚೆ ಸರಬರಾಜನ್ನು ಪೂರ್ತಿ ಕಳಚಿ, ಡ್ರೈವರಿನ (ಡಯೋಡಿಗೆ ಕರೆಂಟ್ ಕೊಡುವ ಸರ್ಕ್ಯೂಟಿನ) ಕೆಪಾಸಿಟರ್ ಖಾಲಿಯಾಗಲು ಬಿಡಿ. ಮೈಮೇಲಿನ ಸ್ಥಾಯೀ ವಿದ್ಯುತ್ತಿನ ಒಂದು ಕಿಡಿಗೆ ಡಯೋಡ್ ಸಾಯಬಹುದು. ಅರ್ಥ್ ಮಾಡಿದ ಮಣಿಕಟ್ಟಿನ ಪಟ್ಟಿ ಹಾಕಿಕೊಳ್ಳಿ. ಪುಣೆಯ ಚಳಿಗಾಲದ ಒಣಹವೆಯಲ್ಲಿ ಇದನ್ನು ಮರೆಯಲೇಬಾರದು.

ಹವ್ಯಾಸಿಗಳ ಮಾಡ್ಯೂಲಿನಲ್ಲಿ ಲೆನ್ಸ್ ಸಾಮಾನ್ಯವಾಗಿ 9 ಮಿ.ಮೀ. ವ್ಯಾಸದ, 0.5 ಮಿ.ಮೀ. ಪಿಚ್‌ನ ಥ್ರೆಡ್ಡಿನ ಮೇಲೆ ಕೂತಿರುತ್ತದೆ. ಮಾಡ್ಯೂಲಿನ ಬಾಯನ್ನು ನೆಲಕ್ಕೆ ಮಾಡಿ ಬಿಚ್ಚಿ. ಥ್ರೆಡ್ಡಿನಿಂದ ಉದುರುವ ಲೋಹದ ಪುಡಿ ಆಗ ಹೊರಗೆ ಬೀಳುತ್ತದೆ, ಇಲ್ಲವಾದರೆ ನೇರ ಡಯೋಡಿನ ಗಾಜಿನ ಮೇಲೆ. ಇಷ್ಟು ಸಣ್ಣ ವಿಷಯಕ್ಕೆ ನಾನು ಬಹಳ ಮಹತ್ವ ಕೊಡುತ್ತೇನೆ, ಏಕೆಂದರೆ ಆ ಗಾಜಿನ ಮೇಲೆ ಕೂತ ಕಣ ಉರಿಸಿದ ಕ್ಷಣದಲ್ಲೇ ಸುಟ್ಟು ಕಲೆಯಾಗುತ್ತದೆ. ತಿರುಗಿಸಲು ಎರಡು ಮೊನೆಯ ಸ್ಪ್ಯಾನರ್ ಒಳ್ಳೆಯದು. ಚಿಮಟ ಜಾರಿದರೆ ಗೀರು ಗ್ಯಾರಂಟಿ. ಅಂಟು ಹಚ್ಚಿದ್ದರೆ ಬಲ ಹಾಕಬೇಡಿ. ಹಾಟ್ ಏರ್ ಗನ್ನಿನ ಕಡಿಮೆ ಶಾಖವನ್ನು ಲೆನ್ಸಿನ ಹಿಡಿಕೆಗೆ ಮಾತ್ರ ಸ್ವಲ್ಪಸ್ವಲ್ಪವೇ ಕೊಟ್ಟು ಅಂಟು ಮೆತ್ತಗಾಗಿಸಿ. ಹಿಂದಿನ ತಾಮ್ರ ಕೈಗೆ ಬಿಸಿ ಅನಿಸಿದರೆ ನಿಲ್ಲಿಸಿ. ಅದಕ್ಕೂ ಬಗ್ಗದಿದ್ದರೆ ಬಿಟ್ಟುಬಿಡುವುದೇ ಜಾಣತನ. ಒತ್ತಿ ಕೂರಿಸಿದ ಡಯೋಡನ್ನು ಹೊರಗೆ ತಳ್ಳಲು ಹೋದರೆ ಹೆಚ್ಚಾಗಿ ಡಯೋಡೇ ಹೋಗುತ್ತದೆ.

ಹೊಸ ಲೆನ್ಸ್ ಯಾವುದು? ಪ್ರತಿಫಲನ ತಡೆಯುವ ಲೇಪನವಿಲ್ಲದ ಗಾಜಿನ ಪ್ರತಿ ಮೇಲ್ಮೈಯಲ್ಲೂ ಸುಮಾರು ಶೇ 4ರಷ್ಟು ಬೆಳಕು ಪ್ರತಿಫಲಿಸಿ ಹೋಗುತ್ತದೆ. ಮೂರು ಗಾಜಿನ ಲೆನ್ಸಿಗೆ ಆರು ಮೇಲ್ಮೈ. ಲೇಪನವಿಲ್ಲದಿದ್ದರೆ ಐದರಲ್ಲೊಂದು ಪಾಲಿಗಿಂತ ಹೆಚ್ಚು ಹೀಗೇ ನಷ್ಟ. ಆದರೆ ಮೂರು ಗಾಜಿನದರಲ್ಲಿ ಕಿರಣ ಚೊಕ್ಕವಾಗಿರುತ್ತದೆ. ಕೆತ್ತನೆಗೆ ನನ್ನ ಆಯ್ಕೆ ಒಂಟಿ ಗಾಜಿನ ಆಸ್ಫೆರಿಕ್ (ಗೋಳದ ಬಾಗಿಲ್ಲದ) ಲೆನ್ಸ್, ಹವ್ಯಾಸಿಗಳು ಜಿ-2 ಅನ್ನುವಂಥದ್ದು, ನೀಲಿ ಬೆಳಕಿಗೆ ಲೇಪನ ಮಾಡಿದ್ದು. ಕೆಂಪು ಬೆಳಕಿನ ಲೇಪನದ್ದನ್ನು ಅಗ್ಗವೆಂದು ಕೊಳ್ಳಬೇಡಿ. ಹೆಚ್ಚು ಉಬ್ಬಿದ ಮುಖ ಹೊರಗೆ, ಕಡಿಮೆ ಉಬ್ಬಿದ್ದು ಡಯೋಡಿನ ಕಡೆಗೆ ಇರಬೇಕು.

ಲೆನ್ಸಿನ ಹಿಂದೆ ಸ್ಪ್ರಿಂಗ್ ಹಾಕುವುದನ್ನು ಬಿಡಬೇಡಿ. ಏಕೆಂದು ಲೆಕ್ಕವೇ ಹೇಳುತ್ತದೆ. ಪೂರ್ತಿ ಒಂದು ಸುತ್ತಿಗೆ ಲೆನ್ಸ್ 0.5 ಮಿ.ಮೀ. ಸರಿಯುತ್ತದೆ. 4 ಮಿ.ಮೀ. ಸಂಗಮದೂರದ ಲೆನ್ಸನ್ನು, ಕಿರಣ ಸಮಾನಾಂತರವಾಗಿ ಹೋಗುವ ಜಾಗದಿಂದ ಬರೀ 0.1 ಮಿ.ಮೀ., ಅಂದರೆ ಸುತ್ತಿನ ಐದನೇ ಒಂದು ಭಾಗ, ಮುಂದೆ ಸರಿಸಿದರೆ ಫೋಕಸ್ ಅನಂತದಿಂದ ಸುಮಾರು 16 ಸೆಂ.ಮೀ.ಗೆ ಬಂದು ನಿಲ್ಲುತ್ತದೆ. ಥ್ರೆಡ್ಡಿನ ಸಡಿಲವೇ ಅಷ್ಟಿರಬಹುದು. ಸ್ಪ್ರಿಂಗ್ ಆ ಸಡಿಲವನ್ನು ಒಂದೇ ಕಡೆಗೆ ಒತ್ತಿ ಹಿಡಿಯುತ್ತದೆ.

ಫೋಕಸ್ ಹೊಂದಿಸುವಾಗ ಕರೆಂಟನ್ನು ಲೇಸರ್ ಆಗಷ್ಟೇ ಹೊತ್ತುವ ಮಟ್ಟದಲ್ಲಿಡಿ. ಆಗಲೂ ಲೇಸರ್ ತಡೆಯುವ ಕನ್ನಡಕ ತೆಗೆಯಬಾರದು. ಅರ್ಧ ವ್ಯಾಟಿಗಿಂತ ಹೆಚ್ಚಿನದೆಲ್ಲ ನಾಲ್ಕನೇ, ಅಂದರೆ ಅತಿ ಅಪಾಯದ, ವರ್ಗದ ಲೇಸರ್. ಅದರಲ್ಲಿ ನೇರ ಕಿರಣ ಮಾತ್ರವಲ್ಲ, ಮರದಿಂದ ಚದುರಿ ಬರುವ ಬೆಳಕೂ ಹತ್ತಿರದಲ್ಲಿ ಅಪಾಯವೇ. ನಮ್ಮ ಕಣ್ಣು ಮಿಟುಕಲು ಕಾಲು ಸೆಕೆಂಡ್ ಬೇಕು, ರೆಟಿನಾ ಸುಡಲು ಅಷ್ಟು ಹೊತ್ತು ಬೇಡ, ಸುಟ್ಟಾಗ ನೋವೂ ಆಗದು. 2023ರ ಗಣೇಶ ವಿಸರ್ಜನೆಯ ಬಳಿಕ ಮಹಾರಾಷ್ಟ್ರದ ನೇತ್ರವೈದ್ಯರು ಮೆರವಣಿಗೆಯ ಲೇಸರಿನಿಂದ ರೆಟಿನಾಕ್ಕೆ ಗಾಯವಾದ ಹುಡುಗರನ್ನು ಕಂಡರು. 2024ರಲ್ಲಿ ಪುಣೆ ಪೊಲೀಸರು ಉತ್ಸವದಲ್ಲಿ ಅಂಥ ದೀಪಗಳನ್ನು ನಿಷೇಧಿಸಿದರು. ಕನ್ನಡಕದ ಮೇಲೆ ನಿಮ್ಮ ಲೇಸರಿನ ತರಂಗದ ಅಳತೆ ಮತ್ತು ಓಡಿ (OD, ಬೆಳಕನ್ನು ಎಷ್ಟು ತಡೆಯುತ್ತದೆಂಬ) ಸಂಖ್ಯೆ ಅಚ್ಚಾಗಿರಲಿ. ಓಡಿ 4 ಅಂದರೆ ಬೆಳಕಿನ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಬರುತ್ತದೆ. ಐದಾರು ವ್ಯಾಟಿನ ಡಯೋಡಿಗೆ ಓಡಿ 5 ಅಥವಾ ಅದಕ್ಕಿಂತ ಹೆಚ್ಚಿನದನ್ನೇ ಹುಡುಕಿ. ಪುಣೆಯ ತಾಪಕೀರ್ ಗಲ್ಲಿಯಲ್ಲಾಗಲಿ ಲ್ಯಾಮಿಂಗ್ಟನ್ ರೋಡಿನಲ್ಲಾಗಲಿ ಸಂಖ್ಯೆಯಿಲ್ಲದ ಬಣ್ಣದ ಪ್ಲಾಸ್ಟಿಕ್ ಕೊಟ್ಟರೆ ಬೇಡವೆನ್ನಿ. ಚುಕ್ಕೆಯನ್ನು ಮೊಬೈಲ್ ಕ್ಯಾಮೆರಾದ ಪರದೆಯಲ್ಲಿ ನೋಡಿ. ಮನೆಯಲ್ಲಿ ಮಕ್ಕಳಿದ್ದರೆ ಕೋಣೆಯ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೇ ಉರಿಸಿ.

ಫೋಕಸ್ ಸಿಕ್ಕ ಮೇಲೆ ಲೆನ್ಸನ್ನು ಅಲುಗದಂತೆ ಹಿಡಿಯಲು ಸ್ಪ್ರಿಂಗ್ ಸಾಕಾಗುತ್ತದೆ. ಅಂಟು ಬೇಕೇ ಬೇಕೆಂದರೆ ಯುವಿ ಬೆಳಕಿಗೆ ಗಟ್ಟಿಯಾಗುವ ಅಂಟಿನ ಒಂದು ಚುಕ್ಕೆ ಹೊರಅಂಚಿಗೆ. ಫೆವಿಕ್ವಿಕ್ ಜಾತಿಯ ಅಂಟು ಖಂಡಿತ ಬೇಡ, ಅದರ ಆವಿ ಲೆನ್ಸಿನ ಮೇಲೆ ಬಿಳಿ ಮಂಜಾಗಿ ಕೂರುತ್ತದೆ. ಸಿಲಿಕೋನ್ ಸೀಲಂಟನ್ನೂ ಲೆನ್ಸಿನ ಹತ್ತಿರ ತರಬೇಡಿ.

ಮಳೆಗಾಲ ಶುರುವಾದರೆ ಡೊಂಬಿವಲಿಯ ಹವೆಯಲ್ಲಿ ಕ್ಯಾಮೆರಾ ಲೆನ್ಸಿಗೆ ಹಿಡಿಯುವ ಬೂಸ್ಟು ಇದಕ್ಕೂ ಹಿಡಿಯುತ್ತದೆ. ಬಳಸದ ದಿನಗಳಲ್ಲಿ ಮಾಡ್ಯೂಲನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಡಿ, ಜೆಲ್ಲಿನ ಬಣ್ಣ ಬದಲಾದಾಗ ಒಣಗಿಸಿ ಮತ್ತೆ ಹಾಕಿ.