ಹೈವೇ ದಾಟುವ ಅಜ್ಜಿ ಮತ್ತು ಬೋರ್ಡಿನ ಮೇಲಿನ 80

ರಸ್ತೆ ಬದಿಯ ಕೆಂಪು ಉಂಗುರದ ಬೋರ್ಡಿನಲ್ಲಿ 80 ಅಂತ ಇರುತ್ತದೆ. ಈ ಅಂಕಿ ಎಲ್ಲಿಂದ ಬಂತು?

1988ರ ಮೋಟಾರು ವಾಹನ ಕಾಯ್ದೆಯ 112ನೇ ಸೆಕ್ಷನ್ ಪ್ರಕಾರ ಗರಿಷ್ಠ ವೇಗ ಗೊತ್ತು ಮಾಡುವುದು ಕೇಂದ್ರ ಸರ್ಕಾರ. ರಾಜ್ಯಗಳು ಅದನ್ನು ಇಳಿಸಬಹುದು, ಏರಿಸುವಂತಿಲ್ಲ. 2018ರ ಏಪ್ರಿಲ್‌ನಲ್ಲಿ ಕೇಂದ್ರ ಹೊರಡಿಸಿದ ಅಧಿಸೂಚನೆಯಲ್ಲಿ ಕಾರಿಗೆ ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 120 ಕಿ.ಮೀ., ಡಿವೈಡರ್ ಇರುವ ನಾಲ್ಕು ಪಥದ ರಸ್ತೆಯಲ್ಲಿ 100, ಪಟ್ಟಣದೊಳಗೆ 70 ಎಂದಿತ್ತು. ಲಾರಿಗೆ ಇದಕ್ಕಿಂತ ಕಡಿಮೆ.

ಇನ್ನು ಒಂದೊಂದು ರಸ್ತೆಯ ಲೆಕ್ಕ. ಎಮ್ಮೆಯೊಂದು ಅಡ್ಡ ಬಂತು ಅಂದುಕೊಳ್ಳಿ. ಕಣ್ಣಿಗೆ ಬಿದ್ದು, ತಲೆಗೆ ಹೊಳೆದು, ಕಾಲು ಬ್ರೇಕ್ ಒತ್ತಲು ರಸ್ತೆ ಎಂಜಿನಿಯರ್‌ಗಳು ಎರಡೂವರೆ ಸೆಕೆಂಡ್ ಹಿಡಿಯುತ್ತಾರೆ. 80ರ ವೇಗದಲ್ಲಿದ್ದರೆ ಅಷ್ಟರಲ್ಲೇ ಗಾಡಿ 55 ಮೀಟರ್ ಮುಂದೆ ಹೋಗಿರುತ್ತದೆ. ಬ್ರೇಕ್ ಇನ್ನೂ ಹಿಡಿದೇ ಇಲ್ಲ! ರಸ್ತೆ ನಿರ್ಮಾಣದ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕದಂತೆ, ನಿಲ್ಲಲು 40ರಲ್ಲಿ 45 ಮೀಟರ್ ಸಾಕು, 80ರಲ್ಲಿ 120 ಮೀಟರ್ ಬೇಕು. ವೇಗ ಎರಡರಷ್ಟಾದರೆ ಬ್ರೇಕ್ ಒತ್ತಿದ ಮೇಲೆ ಗಾಡಿ ಓಡುವ ದೂರ ನಾಲ್ಕರಷ್ಟಾಗುತ್ತದೆ. ತಿರುವಿನಲ್ಲಿ ಅಷ್ಟು ದೂರ ಕಾಣದಿದ್ದರೆ ಅಂಕಿ ಇಳಿಯಲೇಬೇಕು.

ಇನ್ನೊಂದು ಅಳತೆಯೂ ಬಳಕೆಯಲ್ಲಿದೆ. ರಸ್ತೆ ಖಾಲಿ ಇರುವಾಗ ವಾಹನಗಳ ವೇಗ ಅಳೆಯುತ್ತಾರೆ. ನೂರರಲ್ಲಿ 85 ಗಾಡಿಗಳು ಯಾವ ವೇಗವನ್ನು ಮೀರುವುದಿಲ್ಲವೋ ಅದರ ಆಸುಪಾಸಿನಲ್ಲಿ ಮಿತಿ ಇಡುತ್ತಾರೆ. ಹೆಚ್ಚಿನ ಚಾಲಕರು ವಿವೇಕದಿಂದಲೇ ಓಡಿಸುತ್ತಾರೆ ಎಂಬ ನಂಬಿಕೆ ಇದರ ಬುಡದಲ್ಲಿದೆ. ನನಗಿದು ಒಪ್ಪಿಗೆಯಾಗುವುದಿಲ್ಲ. ಸ್ಟೀರಿಂಗ್ ಹಿಡಿದವರನ್ನಷ್ಟೇ ಕೇಳಿದಂತಾಯಿತು. ಹೊಲ ಆ ಕಡೆ, ಮನೆ ಈ ಕಡೆ ಆಗಿ, ಹುಲ್ಲಿನ ಹೊರೆ ಹೊತ್ತು ಹೈವೇ ದಾಟುವ ಅಜ್ಜಿಯನ್ನು ಯಾರು ಕೇಳಿದರು?

1997ರಲ್ಲಿ ಸ್ವೀಡನ್ ಸಂಸತ್ತು ರಸ್ತೆಯಲ್ಲಿ ಯಾರೂ ಸಾಯಬಾರದು ಎಂಬ ‘ವಿಷನ್ ಜೀರೋ’ ನೀತಿ ಒಪ್ಪಿ, ಈ ಅಜ್ಜಿಯಂಥವರ ಕಡೆಯಿಂದ ಲೆಕ್ಕ ಶುರು ಮಾಡಿತು. ಮನುಷ್ಯನ ಮೈ ಎಷ್ಟು ಪೆಟ್ಟು ತಡೆದೀತು? ಜನ, ವಾಹನ ಬೆರೆಯುವ ಕಡೆ ಉತ್ತರ ಗಂಟೆಗೆ 30 ಕಿ.ಮೀ. ಆಸುಪಾಸು. ರಸ್ತೆ ಸುರಕ್ಷತೆ ಕುರಿತ ಜಾಗತಿಕ ಸಮ್ಮೇಳನದ 2020ರ ಸ್ಟಾಕ್‌ಹೋಮ್ ಘೋಷಣೆಯೂ ಅಂಥ ಕಡೆ 30 ಮೀರಬಾರದು ಎಂದಿತು. ಅದರ ಪಕ್ಕದಲ್ಲಿ ನಮ್ಮ 2018ರ ಅಧಿಸೂಚನೆಯಲ್ಲಿದ್ದ ಪಟ್ಟಣದೊಳಗಿನ 70 ಇಟ್ಟು ನೋಡಿ.

ಇಳಿಸುವ ಅಧಿಕಾರ ರಾಜ್ಯದ ಕೈಯಲ್ಲೇ ಇದೆ, ಅಲ್ವಾ? ಶಾಲೆ, ಸಂತೆ, ಬಸ್‌ಸ್ಟ್ಯಾಂಡ್ ಇರುವ ಬೀದಿಗಳಿಂದ ಶುರು ಮಾಡಬಹುದು. ಬರೀ ಬೋರ್ಡ್ ನೆಟ್ಟರೆ ಸಾಲದು. ಅಗಲವಾದ ನೇರ ರಸ್ತೆ ಸಿಕ್ಕರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಅಲ್ಲಿ ರಸ್ತೆಯನ್ನು ಕಿರಿದು ಮಾಡಿ, ದಾಟುವ ಜಾಗವನ್ನು ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಬೇಕು.