ಮುಯ್ಯಿ

ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಹಣ್ಣಾಯಿತೆಂದರೆ ಮನೆಮಂದಿಗೆ ಕೂರಲು ಪುರುಸೊತ್ತಿಲ್ಲ. ಸುಮಾರು 25 ದಿನ ಸೊಪ್ಪು ಹಾಕಿ ಸಾಕಿದ ಹುಳ ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗಿಂದಾಗಲೇ ಆಯ್ದು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟಿಗೆ, ಬಿಡಬೇಕು, ತಡವಾದರೆ ನೂಲು ದಂಡ. ಮನೆಯವರ ಕೈ ಸಾಲದು. ಹಿಂದಿನ ರಾತ್ರಿಯೇ ಪಕ್ಕದ ಮನೆ ಬಾಗಿಲಲ್ಲಿ ಕೇಳಬೇಕು: "ಅಕ್ಕಾ, ನಾಳೆ ಹುಳ ಹಣ್ಣಾಗ್ತವೆ, ಮುಯ್ಯಿಗೆ ಬರ್ತೀಯಾ?"

ಮುಯ್ಯಿ ಎಂದರೆ ಪಡೆದದ್ದಕ್ಕೆ ಪ್ರತಿಯಾಗಿ ಕೊಡುವುದು. ಹೀಗೆ ಬಂದವರು ಮುಯ್ಯಾಳು. ಅವರಿಗೆ ಊಟ ಉಂಟು, ಕೂಲಿ ಇಲ್ಲ. ಅಕ್ಕನ ಹೊಲದಲ್ಲಿ ರಾಗಿ ಕೊಯ್ಲು ಬಂದಾಗ ಈ ಮನೆಯಿಂದ ಒಬ್ಬರು ಕುಡುಗೋಲು ಹಿಡಿದು ಹೋಗಬೇಕು. ಈ ಲೆಕ್ಕ ಹಣದಲ್ಲಿಲ್ಲ, ದಿನದಲ್ಲಿದೆ. ಕೂಲಿ ದರ ದುಪ್ಪಟ್ಟಾದರೂ ಒಂದು ದಿನದ ಸಾಲ ಒಂದೇ ದಿನ. ಕೈಯಲ್ಲಿ ಕಾಸಿಲ್ಲದವರೂ ಬೆಳೆ ಮನೆಗೆ ತರುತ್ತಿದ್ದದ್ದು ಇದರಿಂದಲೇ. ಹಗೆ ತೀರಿಸಿಕೊಳ್ಳುವುದಕ್ಕೂ 'ಮುಯ್ಯಿ ತೀರಿಸಿಕೊಳ್ಳುವುದು' ಎನ್ನುತ್ತೇವೆ. ಉಪಕಾರ, ಅಪಕಾರ ಎರಡಕ್ಕೂ ಕನ್ನಡ ಒಂದೇ ಖಾತೆ ತೆರೆದಿದೆ!

ಮಹಿಳಾ ಸಂಘಗಳೇ ಇಂದಿನ ಮುಯ್ಯಿ ಎನ್ನುವವರಿದ್ದಾರೆ. ನಾನು ಅರ್ಧ ಒಪ್ಪುತ್ತೇನೆ. 1992ರಲ್ಲಿ ಕೃಷಿ, ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕಾದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗಕ್ಕೆ ಕೈಹಾಕಿತು. ಅದಕ್ಕೂ ಮೊದಲೇ ಮೈರಾಡ ಎಂಬ ಸ್ವಯಂಸೇವಾ ಸಂಸ್ಥೆ ಕೋಲಾರದ ಹಳ್ಳಿಗಳಲ್ಲಿ ಇಂಥ ಗುಂಪು ಕಟ್ಟಿತ್ತು. ಹತ್ತಿಪ್ಪತ್ತು ಹೆಂಗಸರು ವಾರವಾರ ಉಳಿತಾಯ ಹಾಕಿ, ಅದರಲ್ಲೇ ಒಬ್ಬರಿಗೊಬ್ಬರು ಸಾಲ ಕೊಡುತ್ತಾರೆ. ಅಡವಿಡಲು ಒಡವೆ, ಪತ್ರ ಬೇಡ, ನೆರೆಯವರ ನಂಬಿಕೆ ಸಾಕು. ಅಲ್ಲಿಯವರೆಗೆ ಇದು ಮುಯ್ಯಿಯೇ. ಆದರೆ ಮುಯ್ಯಿಗೆ ಬಡ್ಡಿಯಿಲ್ಲ, ವಸೂಲಿಗೆ ಹೊರಗಿನವರು ಬರುವುದಿಲ್ಲ. ಕಿರುಸಾಲ ಕಂಪನಿಗಳ ಗುಂಪುಸಾಲದಲ್ಲಿ ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ತುಂಬಬೇಕು. ಹುಳ ಆಯಲು ಬರುತ್ತಿದ್ದ ಅಕ್ಕನೇ ಬಾಗಿಲಲ್ಲಿ ಕಂತು ಕೇಳುತ್ತಾ ನಿಲ್ಲುತ್ತಾಳೆ. ವಸೂಲಿಯ ಕಿರುಕುಳಕ್ಕೆ ತಡೆ ಹಾಕಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಮುಯ್ಯಾಳು ಈಗ ಕಡಿಮೆ. ರಾಗಿಗೆ ಯಂತ್ರ ಬಂದಿದೆ, ಉಳಿದದ್ದಕ್ಕೆ ಕೂಲಿ. ಮುಯ್ಯಿ ಗಟ್ಟಿಯಾಗಿ ಉಳಿದಿರುವುದು ಮದುವೆ ಮನೆಯಲ್ಲಿ. ಅಲ್ಲಿ ಮುಯ್ಯಿ ಓದಿಸುವಾಗ, ಅಂದರೆ ಬಂದವರು ಉಡುಗೊರೆ ಹಣ ಕೊಡುವಾಗ, ಒಬ್ಬರು ಹೆಸರು, ಮೊತ್ತ ಬರೆದುಕೊಳ್ಳುತ್ತಾರೆ. ಆ ಪುಸ್ತಕ ವರ್ಷಗಟ್ಟಲೆ ಬೀರುವಿನಲ್ಲಿರುತ್ತದೆ. ಹಾಗೆ ಓದಿಸಿದವರ ಮನೆಯಿಂದ ಲಗ್ನಪತ್ರಿಕೆ ಬಂದ ದಿನ ಅಮ್ಮ ಅದನ್ನು ಹೊರತೆಗೆದು, ಅವರು ನಮಗೆ ಎಷ್ಟು ಓದಿಸಿದ್ದರೆಂದು ಬೆರಳಿಟ್ಟು ಹುಡುಕುತ್ತಾಳೆ.